ಆವಾಸದಾನವೂ ಅಭಯದಾನವೂ

ಶ್ರಾವಕನ ನಿತ್ಯಕರ್ತವ್ಯಗಳಲ್ಲಿ ದಾನವೂ ಒಂದು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ಅದನ್ನು ನಾಲ್ಕು ಬಗೆಯಾಗಿ ಎಣಿಸುವುದು ನಮ್ಮಲ್ಲಿ ರೂಢಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ವಿವರಿಸುವಾಗ ಆಹಾರ, ಔಷಧ, ಉಪಕರಣಗಳೊಡನೆ ಆವಾಸವನ್ನೂ ಹೇಳಿದ್ದಾರೆ. ಅಲ್ಲಿ ಮುಖ್ಯವಾಗಿ ಪ್ರಸ್ತುತವಾಗಿರುವುದು ಸಂಯಮಿಗಳ ಸೇವೆ. ಜಿನಸೇನಾಚಾರ್ಯರಾದರೋ ಆದಿಪುರಾಣದಲ್ಲಿ ಪಾತ್ರದತ್ತಿಯಿಂದ ಬೇರೆಯಾಗಿ ದಯಾದತ್ತಿಯನ್ನು ನಿರೂಪಿಸಿ, ಅನುಕಂಪದಿಂದ ಪ್ರಾಣಿಗಳಿಗೆ ಅಭಯವನ್ನು ನೀಡುವುದೇ ಅದರ ಲಕ್ಷಣವೆಂದಿದ್ದಾರೆ. ನೆಲೆ ಕಳೆದುಕೊಂಡು ಬಂದ ನಿರಾಶ್ರಿತರಿಗೆ ನೀಡುವ ನೆರವು ಈ ದಯಾದತ್ತಿಗೆ ಸೇರಿದುದು. ಹೀಗಿರಲು, ಮನೆಯನ್ನು ಕೊಟ್ಟು ಭಯವನ್ನು ಹಾಗೆಯೇ ಉಳಿಸಿದರೆ ದಾನವು ಪೂರ್ಣವಾದೀತೆ? ಸರ್ಕಾರದೊಡನೆ ಕೂಡಿ ದುಡಿಯುವ ಸ್ವಯಂಸೇವಾ ಸಂಸ್ಥೆಗಳ ಕಾರ್ಯವನ್ನು ಈ ಪ್ರಶ್ನೆಯ ಒರೆಗಲ್ಲಿಗೆ ಹಚ್ಚಿ ನೋಡಬೇಕಾಗಿದೆ.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. 1959ರಲ್ಲಿ ದಲೈಲಾಮಾ ಅವರು ಭಾರತಕ್ಕೆ ಬಂದ ಮೇಲೆ ಸಹಸ್ರಾರು ಟಿಬೆಟನ್ನರು ಅವರನ್ನು ಹಿಂಬಾಲಿಸಿದರು. ಅಸ್ಸಾಮಿನ ಮಿಸಮಾರಿ, ಬಂಗಾಳದ ಬಕ್ಸಾ ಶಿಬಿರಗಳಲ್ಲಿ ಅವರಿಗೆ ಮೊದಲ ಆಸರೆ ದೊರೆಯಿತು. ಆಚಾರ್ಯ ಕೃಪಲಾನಿಯವರ ಅಧ್ಯಕ್ಷತೆಯ ಕೇಂದ್ರ ಪರಿಹಾರ ಸಮಿತಿಯು ದೇಶವಿದೇಶಗಳ ನೆರವನ್ನು ಸಂಗ್ರಹಿಸಿ ಹಂಚಿತು. ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ನೀಡಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲ ಸೀಮೆಗಳಲ್ಲಿಯೂ ವಸತಿಗಳು ಎದ್ದವು. ಈ ಕಾರ್ಯದಲ್ಲಿ ಸರ್ಕಾರಕ್ಕೆ ನೆರವಾಗಲೆಂದೇ 1968ರಲ್ಲಿ ‘ಮೈರಾಡ’ ಸಂಸ್ಥೆ ಹುಟ್ಟಿತು.

ಈ ಸಾಧನೆ ಅಲ್ಪವಲ್ಲ. ನಿರಾಶ್ರಿತರನ್ನು ಚದುರಿಸದೆ ಒಟ್ಟಾಗಿ ನೆಲೆಗೊಳಿಸಿದ್ದರಿಂದ ಅವರ ಭಾಷೆ, ಧರ್ಮ, ವಿದ್ಯೆಗಳು ಉಳಿದವು. ಸೆರಾ ವಿಹಾರವು ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳು ಮುಂಡಗೋಡಿನಲ್ಲಿ ಮರಳಿ ತಲೆಯೆತ್ತಿದವು. ರಾಜ್ಯವು ನೆಲವನ್ನು, ದಾನಿಗಳು ಧನವನ್ನು, ಸಂಸ್ಥೆಗಳು ಶ್ರಮವನ್ನು ಕೊಟ್ಟ ಈ ಸಮನ್ವಯ ಶ್ಲಾಘನೀಯವಾದುದು. 1980ರ ದಶಕದ ಹೊತ್ತಿಗೆ ಮೈರಾಡ ತನ್ನ ಗಮನವನ್ನು ಸ್ಥಳೀಯ ಗ್ರಾಮೀಣ ಬಡವರತ್ತ ಹರಿಸಿದುದೂ ಉಚಿತವೇ ಆಗಿತ್ತು.

ಆದರೆ ಮನೆ ಕಟ್ಟಿ ಮುಗಿದೊಡನೆ ನಿರಾಶ್ರಿತತನ ಮುಗಿಯುವುದಿಲ್ಲ. ಭಾರತವು ನಿರಾಶ್ರಿತರನ್ನು ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾಯಿದೆಯನ್ನೂ ಮಾಡಿಲ್ಲ. ಕಾನೂನಿನ ದೃಷ್ಟಿಯಲ್ಲಿ ಬೈಲಕುಪ್ಪೆಯ ಟಿಬೆಟನ್ ವೃದ್ಧನು ವಿದೇಶೀಯನೇ. ತನ್ನ ನೋಂದಣಿ ಪತ್ರವನ್ನು ಆತ ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಟಿಬೆಟನ್ ಪುನರ್ವಸತಿಗೆ ಸಂಬಂಧಿಸಿದ ಸಮಗ್ರ ನೀತಿಯೊಂದು ಕೇಂದ್ರದಿಂದ ಹೊರಬಿದ್ದುದು 2014ರಲ್ಲಿ. ಅದೂ ನೀತಿಯೇ ಹೊರತು ಶಾಸನವಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪೌರರೆಂದು ಪೌರತ್ವ ಕಾಯಿದೆ ಹೇಳುತ್ತದೆ. ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆಂದು ಸ್ಥಿರಪಡಲು 2010ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ, 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ತೀರ್ಪುಗಳು ಬೇಕಾದವು. ಸ್ವದೇಶಕ್ಕೆ ಮರಳುವ ಆಸೆಯಿಂದ ಪೌರತ್ವವನ್ನು ಒಲ್ಲದವರೂ ಅವರಲ್ಲಿದ್ದಾರೆ. ಆದರೆ ಬೇಕು, ಬೇಡ ಎನ್ನುವ ಆಯ್ಕೆ ಅವರದಾಗಿರಬೇಕಲ್ಲವೆ?

ಸರ್ಕಾರದೊಡನೆ ಕೂಡಿ ನಡೆಯುವ ಸಂಸ್ಥೆಗೆ ಎರಡು ಹೊಣೆಗಳಿವೆ: ಸರ್ಕಾರದ ಕೈಯಾಗುವುದು, ನಿರಾಶ್ರಿತರ ಬಾಯಾಗುವುದು. ಮೊದಲನೆಯದು ಸುಲಭ, ಅದಕ್ಕೆ ಅನುಮತಿಯೂ ಅನುದಾನವೂ ದೊರೆಯುತ್ತವೆ. ಎರಡನೆಯದರಿಂದ ಅವೆರಡಕ್ಕೂ ಕುತ್ತು ಬರಬಹುದು. ವಿದೇಶೀ ದೇಣಿಗೆಗೂ ಸರ್ಕಾರದ ಅನುಮತಿಯೇ ಬೇಕಾಗಿರುವಾಗ ಸಂಸ್ಥೆಗಳು ಮೌನವನ್ನು ಆಶ್ರಯಿಸುವುದು ಅರ್ಥವಾಗುವ ಸಂಗತಿ. ಅರ್ಥವಾದುದೆಲ್ಲವೂ ಸಮರ್ಥನೀಯವಲ್ಲ. ಕೃಪಲಾನಿಯವರು ಸರ್ಕಾರದ ಚೀನಾ ನೀತಿಯನ್ನು ಲೋಕಸಭೆಯಲ್ಲಿ ಕಟುವಾಗಿ ಖಂಡಿಸಿದವರು. ಪರಿಹಾರ ಸಮಿತಿಯನ್ನು ನಡೆಸಿದವರೂ ಅವರೇ. ಸಹಕಾರವೂ ಸತ್ಯವಚನವೂ ಒಬ್ಬರಲ್ಲಿಯೇ ನೆಲೆಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಇಲ್ಲಿ ನಮ್ಮ ಸಮಾಜಕ್ಕೆ ನೇರವಾಗಿ ತಟ್ಟುವ ಮಾತೊಂದಿದೆ. 2019ರ ಪೌರತ್ವ ತಿದ್ದುಪಡಿ ಕಾಯಿದೆಯು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಅಂತ್ಯದೊಳಗೆ ಬಂದ ಆರು ಸಮುದಾಯಗಳನ್ನು ಹೆಸರಿಸುತ್ತದೆ. ಆ ಪಟ್ಟಿಯಲ್ಲಿ ಜೈನರಿದ್ದಾರೆ. ಬೌದ್ಧರೂ ಇದ್ದಾರೆ; ಆದರೆ ಟಿಬೆಟ್ ಆ ಮೂರು ದೇಶಗಳಲ್ಲಿ ಸೇರದ ಕಾರಣ ನೆರೆಯ ಬೈಲಕುಪ್ಪೆಯ ಬೌದ್ಧರಿಗೆ ಅದರಿಂದ ಪ್ರಯೋಜನವಿಲ್ಲ. ತಮಿಳುನಾಡಿನ ಶಿಬಿರಗಳಲ್ಲಿರುವ ಶ್ರೀಲಂಕಾದ ತಮಿಳರಿಗೂ ಇಲ್ಲ, ಮ್ಯಾನ್ಮಾರಿನ ರೋಹಿಂಗ್ಯರಿಗೂ ಇಲ್ಲ. ನಮ್ಮ ಹೆಸರಿರುವುದರಿಂದ ತೃಪ್ತರಾಗಿ ಸುಮ್ಮನಿರುವುದು ದಯಾದತ್ತಿಯ ಲಕ್ಷಣವಲ್ಲ. ಅಭಯಕ್ಕೆ ಜಾತಿಮತಗಳ ಗಡಿಯನ್ನು ನಮ್ಮ ಆಚಾರ್ಯರು ಹಾಕಲಿಲ್ಲ; ಏಕೇಂದ್ರಿಯ ಜೀವದವರೆಗೂ ಅದನ್ನು ವಿಸ್ತರಿಸಿದರು. ನೀರನ್ನು ಸೋಸಿ ಕುಡಿಯುವ ನಾವು ನೆರೆಯ ಮನುಷ್ಯನ ಭಯವನ್ನು ಕಾಣದಿದ್ದರೆ ಆ ಸೋಸುವಿಕೆಗೆ ಏನು ಬೆಲೆ?

ಆದುದರಿಂದ ನಮ್ಮ ಬಸದಿಗಳ ಆಡಳಿತ ಮಂಡಳಿಗಳೂ ಧರ್ಮನಿಧಿಗಳೂ ಇಂತಹ ಕಾರ್ಯಕ್ಕೆ ಹಣ ನೀಡುವಾಗ ಲೆಕ್ಕಪತ್ರದ ಜೊತೆಗೆ ಮೂರು ಮಾತುಗಳನ್ನು ಕೇಳಬೇಕು. ಹೊದಿಕೆ, ಅಕ್ಕಿ, ಕಟ್ಟಡಗಳಲ್ಲದೆ ನೋಂದಣಿ, ಗುತ್ತಿಗೆ ಪತ್ರ, ಜನನ ದಾಖಲೆಗಳ ವಿಷಯದಲ್ಲಿ ಸಂಸ್ಥೆಯು ಏನು ಮಾಡಿದೆ? ನಿರ್ಣಯ ಕೈಗೊಳ್ಳುವ ಸಮಿತಿಯಲ್ಲಿ ನಿರಾಶ್ರಿತರಿಗೇ ಸ್ಥಾನವಿದೆಯೆ? ಸರ್ಕಾರದ ಮುಂದೆ ಅಪ್ರಿಯವಾದ ಸತ್ಯವನ್ನು ವಿನಯದಿಂದ, ಆದರೆ ಲಿಖಿತವಾಗಿ, ಅದು ಎಂದಾದರೂ ನಿವೇದಿಸಿದೆಯೆ? ಈ ಮೂರಕ್ಕೂ ಉತ್ತರ ದೊರೆತಲ್ಲಿ ಧಾರಾಳವಾಗಿ ಕೊಡೋಣ. ದೊರೆಯದಿದ್ದರೆ ದಾನವನ್ನು ನಿಲ್ಲಿಸಬೇಕೆಂದಲ್ಲ; ಹಸಿದವನ ಅನ್ನವನ್ನು ತಡೆಯುವುದು ಪಾಪವೇ ಸರಿ. ಅಂತಹ ಸಂಸ್ಥೆಯ ಮೌನದಲ್ಲಿ ಹಣ ಕೊಟ್ಟ ನಮಗೂ ಪಾಲಿದೆಯೆಂಬುದನ್ನು ಅರಿತು, ಅನ್ನದ ಜೊತೆಗೆ ಆ ಪ್ರಶ್ನೆಯನ್ನೂ ಮತ್ತೆ ಮತ್ತೆ ಕಳುಹಿಸುತ್ತಿರಬೇಕು.