ನಾಯಿಗಾಗಿ ಓಡಿದ ಮೇಲೆ

ಕೈಲಾದೀತೋ ಇಲ್ಲವೋ ಎಂಬಷ್ಟು ದೂರವನ್ನು ಓಡಿ ಮುಗಿಸುತ್ತೇನೆ, ಸೈಕಲ್ ತುಳಿದು ತೋರಿಸುತ್ತೇನೆ ಎಂದು ಒಬ್ಬ ಹವ್ಯಾಸಿ ಮುಂದೆ ಬರುತ್ತಾನೆ. ಬಂಧುಬಳಗದವರು, ಕಚೇರಿಯ ಜತೆಗಾರರು ಅವನ ಹೆಸರಿನಲ್ಲಿ ಒಂದು ಸೇವಾಸಂಸ್ಥೆಗೆ ಹಣ ಹಾಕುತ್ತಾರೆ. ಅವನು ಗೆಲ್ಲಬೇಕಾಗಿಲ್ಲ, ಏದುಸಿರು ಬಿಡುತ್ತ ಕೊನೆ ಮುಟ್ಟಿದರೆ ಸಾಕು. 1980ರಲ್ಲಿ ಕ್ಯಾನ್ಸರಿಗೆ ಒಂದು ಕಾಲು ಕಳೆದುಕೊಂಡಿದ್ದ ಕೆನಡಾದ ಟೆರಿ ಫಾಕ್ಸ್ 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿ ಈ ಪದ್ಧತಿಗೆ ಜಗತ್ತಿನ ಕಣ್ಣು ತೆರೆಸಿದ. ಮರುವರ್ಷ ಶುರುವಾದ ಲಂಡನ್ ಮ್ಯಾರಥಾನ್ ಮುಂದೆ ಅದನ್ನೊಂದು ದೊಡ್ಡ ವ್ಯವಸ್ಥೆಯನ್ನಾಗಿಸಿತು. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ 10ಕೆ ಓಟಕ್ಕೂ ದೇಣಿಗೆಯ ಅಂಗವೊಂದು ಕೂಡಿಕೊಂಡಿದ್ದು, ಪ್ರಾಣಿಗಳಿಗಾಗಿ ದುಡಿಯುವ ಸಂಸ್ಥೆಗಳೂ ಅದರ ನೆರವು ಪಡೆಯುತ್ತ ಬಂದಿವೆ. ಗಾಯಗೊಂಡ, ಬಿಟ್ಟುಹೋದ ನಾಯಿಗಳ ರಕ್ಷಣೆಗೆ ಹೀಗೆ ಹಣ ಕೂಡಿಸುವ ರೂಢಿ ನಗರದ ವಿದ್ಯಾವಂತರಲ್ಲಿ ಈಗ ಹೊಸತೇನಲ್ಲ. ಅದರ ಗುಣದೋಷಗಳನ್ನು ತೂಗಲು ನಾಯಿಯ ಹೆಸರಿನಿಂದಲೇ ಹೆಸರಾದ ಮುಧೋಳ ಸೀಮೆಗಿಂತ ತಕ್ಕ ನೆಲ ಬೇರೆ ಸಿಗಲಾರದು.

ಇಲ್ಲಿ ನಾಯಿಗೆ ಮರ್ಯಾದೆಯ ಕೊರತೆ ಇಲ್ಲ. ಮುಧೋಳದ ಘೋರ್ಪಡೆ ಅರಸರು, ಅದರಲ್ಲೂ ಮಾಲೋಜಿರಾವ್ ಘೋರ್ಪಡೆಯವರು, ಬೇಟೆನಾಯಿಯ ತಳಿಯನ್ನು ಕಾಪಾಡಿ ಐದನೇ ಜಾರ್ಜ್ ದೊರೆಗೆ ಜೋಡಿಯೊಂದನ್ನು ಕಾಣಿಕೆ ಕೊಟ್ಟದ್ದು ಊರವರೆಲ್ಲ ಬಲ್ಲ ಕಥೆ. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚೀಟಿ ಹೊರಡಿಸಿತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಸೇನೆ ಇಲ್ಲಿಯ ಮರಿಗಳನ್ನು ಮೀರತ್‌ಗೆ ತರಬೇತಿಗೆ ಒಯ್ದಿತು. 2018ರ ಚುನಾವಣೆಯ ಹೊತ್ತಿಗೆ ಜಮಖಂಡಿಯ ಪ್ರಚಾರ ಸಭೆಯ ಭಾಷಣದಲ್ಲೂ, 2020ರ ಆಗಸ್ಟ್‌ನಲ್ಲಿ ಪ್ರಧಾನಿಯ ‘ಮನ್ ಕೀ ಬಾತ್’ನಲ್ಲೂ ಈ ನಾಯಿಯ ಹೆಸರು ಬಂತು. ಮುಧೋಳ, ಜಮಖಂಡಿ, ಬೀಳಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಮರಿ ಸಾಕಿ ಮಾರುವುದೇ ಹಲವು ಕುಟುಂಬಗಳಿಗೆ ಒಂದು ಉಪಕಸುಬು. ಆಟಪಂದ್ಯಗಳಿಗೂ ಇಲ್ಲಿ ಬರವಿಲ್ಲ. ಕುಸ್ತಿ ಇದೆ, ಕಲ್ಲು ಎತ್ತುವುದಿದೆ, ಜಾತ್ರೆ ಬಂತೆಂದರೆ ತೆರಬಂಡಿ ಇದೆ, ಸೈಕ್ಲಿಂಗ್‌ನಲ್ಲಿ ರಾಜ್ಯಕ್ಕೆ ಹೆಸರು ತಂದವರಲ್ಲಿ ಬಾಗಲಕೋಟೆ, ವಿಜಯಪುರ ಭಾಗದವರದೇ ದೊಡ್ಡ ಪಾಲು. ನಾಯಿಯೂ ಇದೆ, ಪಂದ್ಯವೂ ಇದೆ. ಆದರೆ ಇವೆರಡೂ ಇಲ್ಲಿ ಕೂಡುವುದು ನಾಯಿ ಓಟದ ಪಂದ್ಯದಲ್ಲಿ. ಓಡುವುದು ನಾಯಿ, ಬಹುಮಾನ ಒಯ್ಯುವುದು ಒಡೆಯ.

ಈ ಹಿನ್ನೆಲೆಯಲ್ಲಿ ನೋಡಿದಾಗ ಹವ್ಯಾಸಿ ಓಟದ ಮೊದಲ ಗುಣ ಕಣ್ಣಿಗೆ ಬೀಳುತ್ತದೆ: ದಣಿವನ್ನು ಅದು ಪ್ರಾಣಿಯ ಮೈಯಿಂದ ಮನುಷ್ಯನ ಮೈಗೆ ವರ್ಗಾಯಿಸುತ್ತದೆ. ಇದು ಸಣ್ಣ ಸಂಗತಿಯಲ್ಲ. ಕಂಬಳ, ಎತ್ತಿನ ಓಟ, ಗಾಡಿ ಓಟಗಳಿಗೆ ರಾಜ್ಯ 2017ರ ತಿದ್ದುಪಡಿಯಲ್ಲಿ ವಿನಾಯಿತಿ ಕೊಟ್ಟಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ನಾಯಿ ಓಟ ಆ ವಿನಾಯಿತಿಯೊಳಗೆ ಬರುವುದಿಲ್ಲ. ಕಾನೂನಿನ ಮಾತು ಹಾಗಿರಲಿ, ಒಂದು ಪ್ರಾಣಿಯ ಒಳ್ಳೆಯದಕ್ಕಾಗಿ ಅದೇ ಜಾತಿಯ ಇನ್ನೊಂದು ಪ್ರಾಣಿಯನ್ನು ದುಡಿಸದೆ ತಾನೇ ಬೆವರು ಸುರಿಸುವುದರಲ್ಲಿ ಒಂದು ನ್ಯಾಯವಿದೆ. ಮೈ ದಂಡಿಸಿದವನನ್ನು ಕಂಡರೆ ಕೊಡುವ ಕೈ ತಾನಾಗಿ ಮುಂದೆ ಬರುತ್ತದೆ ಎಂಬುದಂತೂ ಈ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯುಗಾದಿಗೆ ಮುಂಚೆ ಇಲ್ಲಿಂದ ಶ್ರೀಶೈಲಕ್ಕೆ ನೂರಾರು ಕಿಲೋಮೀಟರ್ ನಡೆದು ಹೋಗುವವರಿಗೆ ದಾರಿಯುದ್ದಕ್ಕೂ ಊರೂರವರು ರೊಟ್ಟಿ, ಮಜ್ಜಿಗೆ, ಕಾಲಿಗೆ ಎಣ್ಣೆ ಇಟ್ಟುಕೊಂಡು ಕಾದಿರುತ್ತಾರೆ. ಕ್ರಿಸ್ಟೊಫರ್ ಒಲಿವೊಲಾ ಮತ್ತು ಎಲ್ಡರ್ ಶಫೀರ್ ಎಂಬ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು: ಸುಲಭದ ಔತಣಕೂಟಕ್ಕಿಂತ ನೋವು, ಶ್ರಮ ಬೇಡುವ ಕಾರ್ಯಕ್ರಮಕ್ಕೆ ಜನ ಹೆಚ್ಚು ಕೊಡಲು ಮುಂದಾಗುತ್ತಾರೆ. ಹಾಗಾಗಿ ‘ಕೊಡುವುದಾದರೆ ನೇರವಾಗಿ ಕೊಡಲಿ, ನಡುವೆ ಓಟದ ನಾಟಕ ಯಾಕೆ’ ಎಂಬ ಆಕ್ಷೇಪ ನನಗೆ ಗಟ್ಟಿಯೆನಿಸುವುದಿಲ್ಲ. ಓಟ ಇಲ್ಲದಿದ್ದರೆ ಆ ಹಣದಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ.

ತೊಂದರೆ ಇರುವುದು ಓಟ ಮುಗಿದ ಮೇಲೆ. ಒಂದು ದಿನದ ಸಾಹಸ ಒಂದು ದಿನದ ಕಥೆಯನ್ನು ಬೇಡುತ್ತದೆ. ಲಾರಿಗೆ ಸಿಕ್ಕು ಸೊಂಟ ಮುರಿದ ನಾಯಿ, ಬಾವಿಗೆ ಬಿದ್ದ ಮರಿ, ಮೈತುಂಬ ಕಜ್ಜಿ ಹತ್ತಿ ಮೂಲೆ ಸೇರಿದ ತಾಯಿ. ಮೊದಲು ಹೀಗಿತ್ತು, ಈಗ ಹೀಗಿದೆ ಎಂಬ ಜೋಡಿ ಚಿತ್ರ. ಓಡುವವನಿಗೆ ಇಂಥ ಕಥೆಯೇ ಬೇಕು, ಯಾಕೆಂದರೆ ಅದನ್ನು ತೋರಿಸಿಯೇ ಅವನು ಕೇಳಬೇಕು. ಕೊಡುವವನಿಗೂ ತನ್ನ ಐನೂರು ರೂಪಾಯಿ ಯಾವ ನಾಯಿಯ ಕಾಲಾಯಿತು ಎಂಬುದು ಕಾಣಬೇಕು. ಆದರೆ ಬೀದಿನಾಯಿಯ ಪಾಡು ಕಥೆಯ ಲೆಕ್ಕದಲ್ಲಿ ನಡೆಯುವುದಲ್ಲ. ಹೆಣ್ಣುನಾಯಿಯ ಗರ್ಭ ಸುಮಾರು 63 ದಿನ, ವರ್ಷಕ್ಕೆ ಎರಡು ಸಲ ಬೆದೆಗೆ ಬರಬಹುದು, ಒಂದೊಂದು ಸೂಲಿಗೆ ನಾಲ್ಕಾರು ಮರಿ. ಅವುಗಳಲ್ಲಿ ಹೆಚ್ಚಿನವು ಬಿಸಿಲು, ಹಸಿವು, ಚಕ್ರಗಳಿಗೆ ಬಲಿಯಾಗುತ್ತವೆ. ಉಳಿದವು ಮತ್ತೆ ಸೂಲಿಗೆ ಬರುತ್ತವೆ. ಸೊಂಟ ಮುರಿದ ಒಂದು ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ತಿಂಗಳುಗಟ್ಟಲೆ ಆರೈಕೆ ಮಾಡುವ ಖರ್ಚಿನಲ್ಲಿ ಹತ್ತಾರು ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಹಿಡಿದ ಓಣಿಯಲ್ಲೇ ಬಿಟ್ಟು ಬರಬಹುದು. ಆದರೆ ಹುಟ್ಟದೇ ಹೋದ ಮರಿಗೆ ಫೋಟೊ ಇಲ್ಲ. ಓಟದ ಹಣ ಸಹಜವಾಗಿ ಮೊದಲನೆಯ ಕೆಲಸದ ಕಡೆಗೆ ಹರಿಯುತ್ತದೆ, ಎರಡನೆಯದು ಪುರಸಭೆಯ ಟೆಂಡರಿಗೆ ಕಾಯುತ್ತ ಕೂರುತ್ತದೆ.

ಎರಡನೆಯ ಕೆಲಸವೇ ಮೂಲದ್ದು ಎಂಬುದಕ್ಕೆ ಪುರಾವೆ ಬೇಕಾದಷ್ಟಿದೆ. ಮನುಷ್ಯರಿಗೆ ತಗಲುವ ರೇಬಿಸ್‌ನಲ್ಲಿ ಶೇ 99ರಷ್ಟು ನಾಯಿಯಿಂದ ಬರುವಂಥದ್ದು, ಒಂದು ಪ್ರದೇಶದ ಶೇ 70ರಷ್ಟು ನಾಯಿಗಳಿಗೆ ಲಸಿಕೆ ಬಿದ್ದರೆ ಸೋಂಕಿನ ಸರಪಳಿ ಕಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. 2030ರ ಹೊತ್ತಿಗೆ ನಾಯಿಯಿಂದ ಬರುವ ರೇಬಿಸ್ ಸಾವನ್ನು ಇಲ್ಲವಾಗಿಸುವ ಗುರಿ ನಮ್ಮ ದೇಶಕ್ಕೂ ಇದೆ. ಕರ್ನಾಟಕದಲ್ಲಿ 2024ರ ಒಂದೇ ವರ್ಷ ನಾಯಿ ಕಡಿತದ ಪ್ರಕರಣಗಳು ಮೂರೂವರೆ ಲಕ್ಷ ದಾಟಿದವು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಈ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿವೆ. ಕೆಲಸವನ್ನು ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇದ್ದವರೇ ಮಾಡಬೇಕು. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 11ರಂದು ದೆಹಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಕ್ಕೆ ಸಾಗಿಸಿ ಎಂದು ಆದೇಶಿಸಿ, 22ರಂದು ಅದನ್ನು ತಿದ್ದಿ, ರೇಬಿಸ್ ತಗಲಿದ ಹಾಗೂ ಆಕ್ರಮಣಕಾರಿ ನಾಯಿಗಳ ಹೊರತು ಉಳಿದವನ್ನು ಚಿಕಿತ್ಸೆ, ಲಸಿಕೆಯ ನಂತರ ಹಿಡಿದಲ್ಲೇ ಬಿಡುವ ಕ್ರಮಕ್ಕೆ ಮರಳಿತು. ಶೇ 70ರ ಮಾತಿನಲ್ಲಿ ಒಂದು ಕಠಿಣ ಸತ್ಯ ಅಡಗಿದೆ. ಈ ವರ್ಷ ಒಂದು ಊರಿನಲ್ಲಿ ಅರೆಬರೆ ಮಾಡಿ ಮುಂದಿನ ವರ್ಷ ಕೈಬಿಟ್ಟರೆ ಹಾಕಿದ ಹಣ ನೀರುಪಾಲು. ಲಸಿಕೆ ಹಾಕಿಸಿಕೊಂಡವು ಸಾಯುತ್ತವೆ, ಹೊಸವು ಹುಟ್ಟುತ್ತವೆ, ಪಕ್ಕದ ಊರಿನಿಂದ ಬರುತ್ತವೆ. ರಬಕವಿ ಮತ್ತು ಬನಹಟ್ಟಿ ಒಂದೇ ನಗರಸಭೆಯ ಅವಳಿ ಊರುಗಳು. ಒಂದರಲ್ಲಿ ಮಾಡಿ ಇನ್ನೊಂದನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಗಣಿತ ಬೇಕಿಲ್ಲ. ಬಿಡದೆ ವರ್ಷವರ್ಷವೂ ಮಾಡಬೇಕಾದ ಕೆಲಸಕ್ಕೆ ಒಂದು ಭಾನುವಾರದ ಉಮೇದಿನ ಹಣ ಒದಗಿಸುವುದರಲ್ಲೇ ಈ ಪದ್ಧತಿಯ ದೋಷವಿದೆ. ದೋಷ ಉದ್ದೇಶದ್ದಲ್ಲ, ಹೊಂದಿಕೆಯದು.

ಮುಧೋಳ ಸೀಮೆಯಲ್ಲಿ ಈ ದೋಷಕ್ಕೆ ಇನ್ನೊಂದು ಸೇರುತ್ತದೆ. ಇಲ್ಲಿ ನಾಯಿ ಎಂದರೆ ಎರಡು ಜಾತಿ. ಒಂದು, ಉದ್ದ ಮೂತಿಯ, ಸಣ್ಣ ನಡುವಿನ, ಬೆಲೆಯುಳ್ಳ ಬೇಟೆನಾಯಿ. ಇನ್ನೊಂದು, ಬಸ್ ನಿಲ್ದಾಣದ ಹಿಂದೆ ಬಿದ್ದಿರುವ, ಮಗ್ಗದ ಓಣಿಗಳಲ್ಲಿ ಅಲೆಯುವ ಬೀಡಾಡಿ. ಇಲ್ಲಿ ‘ನಾಯಿಗಾಗಿ ಓಟ’ ಎಂದು ಫಲಕ ಹಾಕಿದರೆ ಅದರ ಮೇಲೆ ಯಾವ ನಾಯಿಯ ಚಿತ್ರ ಬರುತ್ತದೆಂದು ಹೇಳಬೇಕೇ? ತಳಿಯ ಅಭಿಮಾನ ತಪ್ಪಲ್ಲ, ಆದರೆ ಅದರ ಕೀರ್ತಿಯೇ ಅದಕ್ಕೆ ಮುಳುವಾಗಬಲ್ಲದು. ಹೆಸರು ಬಂದಂತೆ ಬೇಡಿಕೆ ಬರುತ್ತದೆ, ಬೇಡಿಕೆ ಬಂದಂತೆ ಹೆಣ್ಣನ್ನು ಮೇಲಿಂದ ಮೇಲೆ ಸೂಲಿಗೆ ಬಿಡುವ ಆಸೆ ಬರುತ್ತದೆ. ಬಯಲಿನಲ್ಲಿ ಓಡಲೆಂದೇ ಬೆಳೆದುಬಂದ ನಾಯಿ ಮೂರನೆಯ ಮಹಡಿಯ ಫ್ಲ್ಯಾಟಿಗೆ ಹೋಗಿ, ಅಲ್ಲಿ ಸೋಫಾ ಹರಿದು, ಕೊನೆಗೆ ಹೆದ್ದಾರಿಯ ಬದಿಯಲ್ಲಿ ಇಳಿಯುತ್ತದೆ. ನಾಯಿ ತಳಿವರ್ಧನೆ ಮತ್ತು ಮಾರಾಟಕ್ಕೆ ಸಂಬಂಧಿಸಿದ 2017ರ ಕೇಂದ್ರ ನಿಯಮಗಳು ಸಾಕಣೆದಾರರು ನೋಂದಾಯಿಸಿಕೊಳ್ಳಬೇಕು ಎನ್ನುತ್ತವೆ. ಆದರೆ ಹಿಂಸೆ ತಡೆಯುವ 1960ರ ಮೂಲ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ, ಜಾತ್ರೆಯಲ್ಲಿ ಒಂದು ತಟ್ಟೆ ಮಿರ್ಚಿ ಭಜಿಯ ಬೆಲೆ. 2022ರ ‘777 ಚಾರ್ಲಿ’ ಸಿನಿಮಾ ಇದೇ ಅಕ್ರಮ ಸಾಕಣೆಯ ಕ್ರೌರ್ಯವನ್ನು ಕನ್ನಡದ ಪ್ರೇಕ್ಷಕರಿಗೆ ಮುಟ್ಟಿಸಿತು. ಆದರೆ ಜನರನ್ನು ಅಳಿಸಿದ್ದು ಅಲ್ಲಿಯೂ ಒಂದು ತಳಿನಾಯಿಯೇ. ಓಟಗಾರರು ಇದೇ ಭಾವನೆಯ ಜಾಡು ಹಿಡಿದರೆ ಬೀಡಾಡಿಗೆ ಬರಬೇಕಾದ ಹಣ ತಳಿಯ ಜಾಹೀರಾತಿಗೆ ಸಂದೀತು.

ಹಾಗಿದ್ದರೆ ಓಟಗಾರನ ಜತೆ ಮುಧೋಳ ನಾಯಿಯನ್ನೂ ಓಡಿಸಿದರೆ ಜನ ಇನ್ನಷ್ಟು ಸೇರುತ್ತಾರಲ್ಲ ಎಂದು ಯಾರಾದರೂ ಹೇಳದೆ ಇರಲಾರರು. ಇದಕ್ಕೆ ಖಂಡಿತ ಬೇಡ ಎನ್ನಬೇಕು. ಇದು ಕಣ್ಣಿನಿಂದ ಬೇಟೆ ಗುರುತಿಸಿ ಕ್ಷಣಮಾತ್ರ ಮಿಂಚಿನಂತೆ ನುಗ್ಗುವ ನಾಯಿ. ಡಾಂಬರಿನ ಮೇಲೆ ಹತ್ತು ಕಿಲೋಮೀಟರ್ ಜನರ ಹೆಜ್ಜೆಗೆ ಹೊಂದಿ ಓಡುವುದು ಅದರ ಸ್ವಭಾವವಲ್ಲ. ನಾಯಿ ಮೈಯೆಲ್ಲ ಬೆವರುವುದಿಲ್ಲ, ಹೆಚ್ಚಾಗಿ ತೇಕಿಯೇ ಕಾವು ಕಳೆದುಕೊಳ್ಳುತ್ತದೆ. ಏಪ್ರಿಲ್‌–ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಈ ನೆಲದಲ್ಲಿ ರಸ್ತೆಯ ಕಾವು ಅದರ ಅಂಗಾಲನ್ನು ಸುಡುತ್ತದೆ. ಧ್ವನಿವರ್ಧಕ, ಪಟಾಕಿ, ನೂಕುನುಗ್ಗಲು ಬೇರೆ. ನಾಯಿಯನ್ನು ಓಡಿಸಿದೊಡನೆ ಈ ಪದ್ಧತಿ ತನ್ನ ಮೊದಲ ಗುಣವನ್ನೇ ಕಳೆದುಕೊಂಡು ಹಳೆಯ ಪಂದ್ಯಕ್ಕೆ ಹೊಸ ಅಂಗಿ ತೊಡಿಸಿದಂತಾಗುತ್ತದೆ.

ಇನ್ನು ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ: 2019ರ ಆಗಸ್ಟ್‌ನ ನೆರೆಯಲ್ಲಿ ಘಟಪ್ರಭೆ, ಕೃಷ್ಣೆಯ ದಂಡೆಯ ಮನೆಗಳು ಮುಳುಗಿದ ಸೀಮೆ ಇದು, ನೇಕಾರರ ಮಗ್ಗಗಳು ನಿಂತುಹೋಗುತ್ತಿವೆ, ಮನುಷ್ಯರಿಗೇ ಸಾಲದಿರುವಾಗ ನಾಯಿಗೆ ಪಟ್ಟಿ ಎತ್ತುವುದೇ? ಪ್ರಶ್ನೆ ನ್ಯಾಯವಾದದ್ದೇ. ಬಂಗಲೆಯಲ್ಲಿ ಸಾಕಿದ ನಾಯಿಗೆ ಆಶ್ರಯಧಾಮ ಕಟ್ಟಲು ಹಣ ಕೇಳಿದರೆ ನಾನೂ ಅದನ್ನೇ ಕೇಳುತ್ತಿದ್ದೆ. ಆದರೆ ಹುಚ್ಚುನಾಯಿ ಕಚ್ಚುವುದು ಯಾರನ್ನು? ಬೆಳಗಿನ ಜಾವ ಕಬ್ಬು ಕಡಿಯಲು ಹೊರಟವರನ್ನು, ಓಣಿಯಲ್ಲಿ ಆಡುವ ಮಗುವನ್ನು, ರಾತ್ರಿ ಪಾಳಿ ಮುಗಿಸಿ ನಡೆದು ಬರುವ ಕೂಲಿಕಾರರನ್ನು. ಕಾರಿನಲ್ಲಿ ಓಡಾಡುವವರಿಗೆ ಆ ಭಯ ಕಡಿಮೆ. ಕಚ್ಚಿಸಿಕೊಂಡವರು ಸರ್ಕಾರಿ ಆಸ್ಪತ್ರೆಗೆ ಮತ್ತೆ ಮತ್ತೆ ಅಲೆದು, ಅಷ್ಟೂ ದಿನದ ಕೂಲಿ ಕಳೆದುಕೊಳ್ಳುತ್ತಾರೆ. ಹಣ ಲಸಿಕೆ ಮತ್ತು ಸಂತಾನಹರಣಕ್ಕೆ ಹೋದರೆ ಅದು ಬಡವರ ಆರೋಗ್ಯದ ಹಣವೇ. ಈ ಆಕ್ಷೇಪಕ್ಕೆ ಉತ್ತರವಿರುವುದೂ ಹಣ ಎಲ್ಲಿ ಖರ್ಚಾಗುತ್ತದೆ ಎಂಬುದರಲ್ಲಿಯೇ. ಅದು ನಗರಸಭೆಯ ಕೆಲಸವಲ್ಲವೇ ಎಂದರೆ, ಹೌದು. ಅದಕ್ಕಾಗಿಯೇ ಓಟಗಾರರು ಅದನ್ನು ತಲೆಯ ಮೇಲೆ ಹೊತ್ತುಕೊಳ್ಳದೆ, ನಾಯಿ ಹಿಡಿಯುವ ಗಾಡಿಯ ಇಂಧನ, ಚಿಕಿತ್ಸೆಯ ನಂತರದ ಕೆಲವು ದಿನಗಳ ಆಹಾರ, ಓಣಿವಾರು ನಾಯಿಗಳ ಎಣಿಕೆ ಇಂಥ ಸಂದುಗಳನ್ನು ತುಂಬಬೇಕು. ಕೈಯಿಂದ ಹಣ ಹಾಕಿದ ಐನೂರು ಜನ ನಗರಸಭೆಯ ಸಾಮಾನ್ಯ ಸಭೆಯಲ್ಲಿ ‘ಎಷ್ಟು ನಾಯಿಗೆ ಆಯಿತು?’ ಎಂದು ಕೇಳಿದರೆ ಆ ಪ್ರಶ್ನೆಗೆ ತೂಕವಿರುತ್ತದೆ. ಸೀಮೆಯ ಸಕ್ಕರೆ, ಸಿಮೆಂಟ್ ಕಾರ್ಖಾನೆಗಳನ್ನೂ ಕೇಳಬಹುದು. 2013ರ ಕಂಪನಿ ಕಾಯ್ದೆ ಸಾಮಾಜಿಕ ಹೊಣೆಯ ಬಾಬತ್ತಿನಲ್ಲಿ ಪ್ರಾಣಿ ಕಲ್ಯಾಣವನ್ನೂ ಹೆಸರಿಸಿದೆ.

ಕಥೆಯಿಲ್ಲದೆ ಜನ ಕೊಡುವುದಿಲ್ಲ, ಸಂತಾನಹರಣದ ಹೆಸರಿನಲ್ಲಿ ಓಡಿದರೆ ಜನ ನಗುತ್ತಾರೆ ಎಂಬ ಮಾತಿನಲ್ಲಿ ಸ್ವಲ್ಪ ನಿಜವಿದೆ. ಆದರೆ ಕಣ್ಣಿಗೆ ಕಾಣದ ಫಲಕ್ಕೆ ಬಿಡದೆ ಕೊಡುವ ಅಭ್ಯಾಸ ಈ ಜನಕ್ಕೆ ಹೊಸದಲ್ಲ. ಸುಗ್ಗಿಯಲ್ಲಿ ಮಠದ ದಾಸೋಹಕ್ಕೆ ಜೋಳ ಅಳೆದು ಕೊಡುವವರು ಅದನ್ನು ಯಾರು ಉಂಡರೆಂದು ಫೋಟೊ ಕೇಳುವುದಿಲ್ಲ. ಕೇಳುವುದು ಒಂದೇ, ಒಲೆ ಆರಬಾರದು. ಓಟವನ್ನು ಹಣ ತರುವ ದಿನವಾಗಿ ನೋಡದೆ ಹೆಸರು ಬರೆಸುವ ದಿನವಾಗಿ ನೋಡಿದರೆ ಈ ಪದ್ಧತಿಯ ಹೊಂದಿಕೆಯ ದೋಷ ಬಹುಮಟ್ಟಿಗೆ ನೀಗುತ್ತದೆ. ಒಂದೇ ಸಲ ಐದು ಸಾವಿರ ಕೊಡುವ ದಾನಿಗಿಂತ ತಿಂಗಳಿಗೆ ನೂರು ಕೊಡುವ ಐವತ್ತು ಜನ ಈ ಕೆಲಸಕ್ಕೆ ಮೇಲು.

ಆದ್ದರಿಂದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಓಟಗಾರರಲ್ಲಿ, ಸೈಕಲ್ ತುಳಿಯುವ ಹುಡುಗ ಹುಡುಗಿಯರಲ್ಲಿ ಕೇಳುವುದಿಷ್ಟು. ಓಡಿ, ಆದರೆ ನಾಯಿಯನ್ನು ಓಡಿಸಬೇಡಿ. ನೋಂದಣಿಯ ಚೀಟಿಯಲ್ಲಿ ನಿಮ್ಮ ಹೆಸರಿನ ಕೆಳಗೆ ಒಂದು ಓಣಿಯ ಹೆಸರು ಬರೆಯಿರಿ, ಹನ್ನೆರಡು ತಿಂಗಳ ವಂತಿಗೆಗೆ ಒಪ್ಪಿದ ಹತ್ತು ಜನರ ಹೆಸರನ್ನೂ ಬರೆಯಿರಿ. ಆ ಓಣಿಯಲ್ಲಿ ಎಷ್ಟು ನಾಯಿಗಳಿದ್ದವು, ಎಷ್ಟಕ್ಕೆ ಲಸಿಕೆ ಬಿತ್ತು, ಎಷ್ಟು ಹಣ ಉಳಿಯಿತು ಎಂಬ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ನಗರಸಭೆಯ ಸೂಚನಾ ಫಲಕದ ಪಕ್ಕದಲ್ಲೇ ಅಂಟಿಸಿ.