ಒಂದೇ ಐಕಾನ್‌ಗೆ ಐದು ಪ್ರತಿ

2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನಿನ ಪರದೆ 320 ಪಿಕ್ಸೆಲ್ ಅಗಲ, 480 ಪಿಕ್ಸೆಲ್ ಉದ್ದ. ಆ ಒಂದೇ ಪರದೆ ಇದ್ದಾಗ ಪಿಕ್ಸೆಲ್ ಎಣಿಸಿ ಚಿತ್ರ ಕೂರಿಸಿದರೂ ನಡೆಯುತ್ತಿತ್ತು. ಮರುವರ್ಷದ 1.6ನೇ ಆವೃತ್ತಿ ಇಂಚಿಗೆ 120, 160, 240 ಎಂಬ ಮೂರು ಸಾಂದ್ರತೆಗಳಿಗೆ ಬಾಗಿಲು ತೆರೆಯಿತು. ಡಿಪಿ ಎಂಬ ಅಳತೆಯ ಬೆಲೆ ತಿಳಿದದ್ದು ಆಗಲೇ. 160ರ ಪರದೆಯಲ್ಲಿ ಒಂದು ಡಿಪಿ ಎಂದರೆ ಒಂದು ಪಿಕ್ಸೆಲ್, ಮುಂದೆ ಬಂದ 320ರಲ್ಲಿ ಎರಡು, 480ರಲ್ಲಿ ಮೂರು. ಫೋನು ಬದಲಾದರೆ ಬೆರಳೇನೂ ಬದಲಾಗುವುದಿಲ್ಲ, ಒತ್ತುವ ಗುಂಡಿಯೂ ಬದಲಾಗಬಾರದು. ಇಷ್ಟು ಸರಳವಾಗಿದ್ದೂ ಇಷ್ಟು ಕಾಲ ಬಾಳಿದ ಕಲ್ಪನೆ ಮೊಬೈಲ್ ಲೋಕದಲ್ಲಿ ಅಪರೂಪ.

ಚಿತ್ರಗಳಿಗೆ ಮಾಡಿದ ಏರ್ಪಾಡನ್ನು ಮಾತ್ರ ನಾನು ಅಷ್ಟು ಮೆಚ್ಚಲಾರೆ. 48 ಡಿಪಿಯ ಐಕಾನ್‌ಗೆ 48, 72, 96, 144, 192 ಪಿಕ್ಸೆಲ್‌ಗಳ ಐದು ಪ್ರತಿ ಮಾಡಿ ಐದು ಫೋಲ್ಡರ್‌ಗೆ ಹಂಚಬೇಕು. ಬೇಸರದ ಕೆಲಸ, ತಪ್ಪು ನುಸುಳುವುದೂ ಇಲ್ಲೇ. ಹೆಸರಿನಲ್ಲಿ ಸಾಂದ್ರತೆಯ ಗುರುತಿಲ್ಲದ ಫೋಲ್ಡರ್‌ನಲ್ಲಿಟ್ಟ ಚಿತ್ರವನ್ನು ಆಂಡ್ರಾಯ್ಡ್ 160ರದ್ದೆಂದೇ ಎಣಿಸುತ್ತದೆ. 1080×1920 ಪಿಕ್ಸೆಲ್‌ಗಳ ಹಿನ್ನೆಲೆ ಚಿತ್ರವನ್ನು ಅಲ್ಲಿಟ್ಟು 480ರ ಫೋನಿನಲ್ಲಿ ತೆರೆದರೆ ಅದು ಉದ್ದಕ್ಕೂ ಅಗಲಕ್ಕೂ ಮೂರು ಪಟ್ಟು ಹಿಗ್ಗುತ್ತದೆ. ಪಿಕ್ಸೆಲ್‌ಗೆ 4 ಬೈಟ್‌ನಂತೆ 83 ಲಕ್ಷ ಬೈಟ್ ಸಾಕಾಗಬೇಕಾದ ಕಡೆ ಸುಮಾರು 7.5 ಕೋಟಿ ಬೈಟ್ ಮೆಮೊರಿ ಹೋಯಿತು. ಪರದೆ ನೋಡಿದರೆ ಇದು ಗೊತ್ತೇ ಆಗದು, ಮೆಮೊರಿ ಕಡಿಮೆಯಿರುವ ಫೋನಿನಲ್ಲಿ ಆಪ್ ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳುತ್ತದೆ. ಮರೆತವರದು ತಪ್ಪು, ನಿಜ. ಮರೆಯುವುದನ್ನು ಇಷ್ಟು ಸುಲಭ ಮಾಡಿಟ್ಟ ಏರ್ಪಾಡಿನದೂ ತಪ್ಪೇ.

ಆಪಲ್ ಹಿಡಿದ ದಾರಿಯಲ್ಲಿ ಒಂದು ಶಿಸ್ತಿತ್ತು. 2010ರ ಐಫೋನ್ 4ರಲ್ಲಿ ಎಲ್ಲವೂ ಸರಿಯಾಗಿ ಎರಡು ಪಟ್ಟು, ಒಂದು ಪಿಕ್ಸೆಲ್‌ನ ಗೆರೆ ಎರಡಾಯಿತು. (2014ರ 6 ಪ್ಲಸ್ ಮಾತ್ರ ಮೂರು ಪಟ್ಟಿಗೆ ಬರೆದು ಮತ್ತೆ ಕುಗ್ಗಿಸುತ್ತಿತ್ತು.) ಆಂಡ್ರಾಯ್ಡ್‌ನಲ್ಲಿ 420ರ ಫೋನುಗಳೂ ಬಂದವು. ಅಲ್ಲಿ ಒಂದು ಡಿಪಿ ಎಂದರೆ 2.625 ಪಿಕ್ಸೆಲ್. 480ಕ್ಕೆಂದು ಬರೆದ ಚಿತ್ರವನ್ನು ಕುಗ್ಗಿಸಿ ತೋರಿಸುವಾಗ ಗೆರೆಯ ಅಂಚು ಪಿಕ್ಸೆಲ್‌ನ ನಡುವೆ ಬಿದ್ದು ಮಸುಕಾಗುತ್ತದೆ. ಸಣ್ಣ ಐಕಾನ್‌ಗಳನ್ನು ಪ್ರೀತಿಯಿಂದ ಬರೆದವರಿಗೆ ಇದು ನೋವಿನ ಸಂಗತಿ.

2014ರ ಆಂಡ್ರಾಯ್ಡ್ 5.0 ಗೆರೆಗಳ ಸೂತ್ರದಿಂದ ಯಾವ ಅಳತೆಗೂ ಬಿಡಿಸಬಹುದಾದ ವೆಕ್ಟರ್ ಚಿತ್ರಗಳನ್ನು ತಂದು ಐದು ಪ್ರತಿಗಳ ಕಾಟ ತಪ್ಪಿಸಿತು. ಅದು ದೊಡ್ಡ ಉಪಕಾರ. ಆದರೆ ಫೋಟೋಗೆ ಅದು ಒದಗದು, ಜಟಿಲ ಚಿತ್ರವನ್ನು ಮೊದಲ ಸಲ ಬಿಡಿಸಲು ಹೊತ್ತು ಹಿಡಿಯುತ್ತದೆ. 200×200 ಡಿಪಿ ಮೀರಬೇಡಿ ಎಂದು ಗೂಗಲ್ಲೇ ಹೇಳುತ್ತದೆ.

ನನಗೆ ಹೆಚ್ಚು ಚಿಂತೆ ಕನ್ನಡದ ಬರಹವನ್ನು ಚಿತ್ರದೊಳಗೆ ಕೂರಿಸುವ ರೂಢಿಯದು. ಹಿಗ್ಗಿಸಿದ, ಕುಗ್ಗಿಸಿದ ಚಿತ್ರದಲ್ಲಿ ಮೊದಲು ಕೆಡುವುದು ಒತ್ತಕ್ಷರ. 'ಸ್ತ್ರೀ' ಎಂಬಲ್ಲಿ ಕೆಳಗಿನ ಎರಡು ಒತ್ತುಗಳೂ ಒಂದೇ ಕಪ್ಪು ಚುಕ್ಕೆಯಾಗುತ್ತವೆ. ಅದೇ ಪದವನ್ನು ಪಠ್ಯವಾಗಿಯೇ ಉಳಿಸಿ, ಓದುಗರು ಆರಿಸಿದ ಅಕ್ಷರದ ಗಾತ್ರಕ್ಕೂ ಹೊಂದಿಕೊಳ್ಳುವ ಎಸ್‌ಪಿ ಅಳತೆಯಲ್ಲಿಟ್ಟರೆ ಯಾವ ಪರದೆಯಲ್ಲೂ ಫಾಂಟ್ ಅದನ್ನು ಹೊಸದಾಗಿ ಮೂಡಿಸುತ್ತದೆ. ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ಆ ಒತ್ತುಗಳೂ ದೊಡ್ಡದಾಗಿಯೇ ಕಾಣುತ್ತವೆ.