ವಿಂಚಿಯ ಸ್ಲೈಸ್

2015ರ ಸೆಪ್ಟೆಂಬರ್ 11. ನ್ಯೂಯಾರ್ಕಿನಲ್ಲಿ ಯುಎಸ್ ಓಪನ್ ಸೆಮಿಫೈನಲ್. ಆ ವರ್ಷದ ಮೊದಲ ಮೂರು ಗ್ರ್ಯಾಂಡ್‌ಸ್ಲಾಮ್‌ಗಳನ್ನೂ ಗೆದ್ದಿದ್ದ ಸೆರೆನಾ ವಿಲಿಯಮ್ಸ್, ಸ್ಟೆಫಿ ಗ್ರಾಫ್ 1988ರಲ್ಲಿ ಮಾಡಿದ್ದನ್ನು ಮತ್ತೆ ಮಾಡಿ ತೋರಿಸಲು ಇನ್ನೆರಡೇ ಪಂದ್ಯ ಗೆಲ್ಲಬೇಕಿತ್ತು. ಎದುರಿಗಿದ್ದವರು ಇಟಲಿಯ ರೊಬೆರ್ತಾ ವಿಂಚಿ. ವಯಸ್ಸು 32, ರ‍್ಯಾಂಕಿಂಗ್ 43. ಅದಕ್ಕೆ ಮೊದಲು ನಾಲ್ಕು ಸಲ ಸೆರೆನಾ ವಿರುದ್ಧ ಆಡಿ ಒಂದು ಸೆಟ್ಟನ್ನೂ ಗೆದ್ದವರಲ್ಲ. ಬಾಜಿ ಕಟ್ಟುವವರ ಲೆಕ್ಕದಲ್ಲಿ ವಿಂಚಿ ಗೆದ್ದರೆ ಒಂದಕ್ಕೆ ಮುನ್ನೂರು. ವಿಂಚಿ 2–6, 6–4, 6–4ರಿಂದ ಗೆದ್ದರು.

ವಿಂಚಿಯ ಬಗ್ಗೆ ಬರೆಯುವವರೆಲ್ಲ ಹೀಗೆಯೇ ಶುರುಮಾಡುತ್ತಾರೆ. ನಾನೂ ಹಾಗೆಯೇ ಮಾಡಿದೆ ನೋಡಿ. ಹೆಚ್ಚಿನವರು ಮುಗಿಸುವುದೂ ಅಲ್ಲಿಯೇ. ‘ಪವಾಡ’ ಎಂಬ ಪದ ಬಿದ್ದ ಮೇಲೆ ಕೇಳಲು ಏನೂ ಉಳಿಯುವುದಿಲ್ಲ. ಪವಾಡಕ್ಕೆ ಕಾರಣ ಬೇಕಿಲ್ಲ, ಪವಾಡ ಯಾರ ಕೈಯಿಂದ ನಡೆಯಿತೋ ಆ ಮನುಷ್ಯರಿಗೆ ಚರಿತ್ರೆಯೂ ಬೇಕಿಲ್ಲ. ನನ್ನ ತಕರಾರು ಇರುವುದು ಈ ಪದದ ಮೇಲೆಯೇ.

ಹಾಗೆ ನೋಡಿದರೆ ಅಂದು ನ್ಯೂಯಾರ್ಕಿನ ಅಂಗಳಕ್ಕೆ ಇಳಿದವರು ಅನಾಮಧೇಯರೇನಲ್ಲ. ಇಟಲಿ ಎಂಬ ಬೂಟಿನ ಹಿಮ್ಮಡಿಯಲ್ಲಿರುವ ಬಂದರು ನಗರಿ ತಾರಂತೊದಲ್ಲಿ ಹುಟ್ಟಿದ ವಿಂಚಿ 2012ರಲ್ಲೇ ಡಬಲ್ಸ್‌ನಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೆ ಏರಿದ್ದರು. ಸಾರಾ ಎರ್ರಾನಿ ಜೊತೆಗೂಡಿ 2012ರ ಫ್ರೆಂಚ್ ಮತ್ತು ಯುಎಸ್ ಓಪನ್, 2013 ಹಾಗೂ 2014ರ ಆಸ್ಟ್ರೇಲಿಯನ್ ಓಪನ್, 2014ರ ವಿಂಬಲ್ಡನ್ ಗೆದ್ದಿದ್ದರು. ನಾಲ್ಕೂ ಗ್ರ್ಯಾಂಡ್‌ಸ್ಲಾಮ್ ಅಂಗಳಗಳಲ್ಲಿ ಗೆದ್ದ ಜೋಡಿಗಳು ಬೆರಳೆಣಿಕೆಯಷ್ಟು. ಇಟಲಿ ಫೆಡ್ ಕಪ್ ಗೆದ್ದ ನಾಲ್ಕೂ ಸಲ, ಅಂದರೆ 2006, 2009, 2010 ಮತ್ತು 2013ರಲ್ಲಿ, ಆಕೆ ತಂಡದಲ್ಲಿದ್ದರು. ಆದರೆ ಡಬಲ್ಸ್ ಎಂದರೆ ನಮಗೆ ಮದುವೆ ಮನೆಯ ಎರಡನೆಯ ಪಂಕ್ತಿ. ಟಿವಿಯೂ ತೋರಿಸುವುದಿಲ್ಲ, ಪತ್ರಿಕೆಯೂ ಎರಡು ಸಾಲಿಗಿಂತ ಹೆಚ್ಚು ಕೊಡುವುದಿಲ್ಲ.

ಇನ್ನು ಆ ಹೊಡೆತ. ಒಂಟಿಗೈಯ ಬ್ಯಾಕ್‌ಹ್ಯಾಂಡ್ ಸ್ಲೈಸ್. ರ‍್ಯಾಕೆಟ್ಟನ್ನು ಮೇಲಿನಿಂದ ಕೆಳಕ್ಕೆ ಸವರಿದಂತೆ ಬೀಸಿ ಚೆಂಡನ್ನು ಹಿಮ್ಮುಖವಾಗಿ ತಿರುಗಿಸಿ ಕಳಿಸುವುದು. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲು ಜಾರಿಸುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಚೆಂಡು ಗಾಳಿಯಲ್ಲಿ ನಿಧಾನಕ್ಕೆ ತೇಲಿ ಬರುತ್ತದೆ, ನೆಲಕ್ಕೆ ಬಿದ್ದ ಮೇಲೆ ಮಾತ್ರ ಏಳುವುದೇ ಇಲ್ಲ. ಸೆರೆನಾ ಕಾಲದ ಮಹಿಳಾ ಟೆನಿಸ್ ಎರಡು ಕೈ ಸೇರಿಸಿ, ಸೊಂಟದೆತ್ತರದ ಚೆಂಡನ್ನು ಚಚ್ಚುವುದರ ಮೇಲೆ ನಿಂತಿತ್ತು. ಎದುರಾಳಿ ಬಿರುಸಾಗಿ ಕಳಿಸಿದಷ್ಟೂ ಬಿರುಸಾಗಿ ಹಿಂತಿರುಗಿಸಬಹುದು. ಸ್ಲೈಸ್ ಆ ಸಾಲವನ್ನೇ ಕೊಡುವುದಿಲ್ಲ. ಮೊಣಕಾಲು ಮಡಚಿ ಕೆಳಗಿಳಿಯಬೇಕು, ವೇಗವನ್ನು ತನ್ನ ತೋಳಿನಿಂದಲೇ ಹುಟ್ಟಿಸಬೇಕು. ಮನಸ್ಸಿನಲ್ಲಿ ಗಾಬರಿಯಿದ್ದವರಿಗೆ ಇದು ಇನ್ನೂ ಕಷ್ಟ. ಸೆರೆನಾಗೆ ಅಂದು ಗಾಬರಿಯಿತ್ತು ಎಂಬುದು ನಿಜ, ಬರೆದವರೆಲ್ಲ ಅದನ್ನು ಬರೆದಿದ್ದಾರೆ. ಆ ಗಾಬರಿಯಿಂದ ಲಾಭ ಮಾಡಿಕೊಳ್ಳಬಲ್ಲ ಹೊಡೆತ ಎದುರಿಗಿದ್ದವರ ಕೈಯಲ್ಲಿ ಮೊದಲೇ ಸಿದ್ಧವಿತ್ತು ಎಂಬುದನ್ನು ಬರೆದವರು ಕಡಿಮೆ. 1.63 ಮೀಟರ್ ಎತ್ತರದ ವಿಂಚಿ ಬಲದಲ್ಲಿ ಗೆಲ್ಲಲಾರದ ಆಟವನ್ನು ಇಂಥ ಹೊಡೆತಗಳಿಂದಲೇ ಆಡಿಕೊಂಡು ಬಂದವರು.

ನನ್ನ ವಾದಕ್ಕೆ ದೊಡ್ಡ ಅಡ್ಡಿ ವಿಂಚಿಯೇ. ಗೆಲ್ಲುತ್ತೇನೆಂದು ತನಗೂ ನಂಬಿಕೆ ಇರಲಿಲ್ಲ ಎಂದು ಪಂದ್ಯದ ಬೆನ್ನಿಗೇ ಹೇಳಿಬಿಟ್ಟರು. ಆಚೆ ಇರುವುದು ಸೆರೆನಾ ಎಂದು ಯೋಚಿಸದೆ ಚೆಂಡನ್ನು ಅಂಗಳದೊಳಗೆ ಹಾಕು, ಓಡು ಎಂದಷ್ಟೇ ಹೇಳಿಕೊಳ್ಳುತ್ತಿದ್ದರಂತೆ. ಅಮೆರಿಕದವರ ಕ್ಷಮೆಯನ್ನೂ ಕೇಳಿದರು. ಇದನ್ನೆಲ್ಲ ಪವಾಡದ ಪರ ಸಾಕ್ಷಿಯಾಗಿ ಓದುವುದು ಸುಲಭ. ಆದರೆ ಮೂರನೆಯ ಸೆಟ್ಟಿನಲ್ಲಿ 3–3 ಇದ್ದಾಗ ಒಂದು ದೀರ್ಘ ರ‍್ಯಾಲಿ ಗೆದ್ದು, ಸೆರೆನಾಗಾಗಿ ಕೂಗುತ್ತಿದ್ದ ಜನರ ಕಡೆ ತಿರುಗಿ, ನನಗೂ ಒಂದು ಚಪ್ಪಾಳೆ ಹೊಡೆಯಿರಿ ಎಂದು ಎರಡೂ ಕೈ ಎತ್ತಿ ಕೇಳಿದವರೂ ಆಕೆಯೇ. ನಂಬಿಕೆ ಇಲ್ಲದವರು ಹಾಗೆ ಕೇಳುವುದಿಲ್ಲ ಎಂದು ಬರೆಯಹೊರಟೆ, ಅದು ಸರಿಯಲ್ಲ ಅನ್ನಿಸಿತು. ಗೆಲ್ಲುತ್ತೇನೆ ಎಂಬ ನಂಬಿಕೆ ಬೇರೆ, ನನ್ನ ಆಟಕ್ಕೂ ಬೆಲೆಯಿದೆ ಎಂಬ ನಂಬಿಕೆ ಬೇರೆ. ಎರಡನೆಯದು ಇದ್ದೇ ಇತ್ತು.

ಮರುದಿನದ ಫೈನಲ್‌ನಲ್ಲಿ ವಿಂಚಿ 6–7, 2–6ರಿಂದ ಸೋತರು. ಗೆದ್ದ ಫ್ಲಾವಿಯಾ ಪೆನ್ನೆತ್ತಾ ಅದೇ ಪುಲಿಯಾ ಸೀಮೆಯ ಬ್ರಿಂಡಿಸಿಯವರು, ಹುಡುಗಿಯರಾಗಿದ್ದಾಗ 1999ರಲ್ಲಿ ವಿಂಚಿ ಜೊತೆ ಸೇರಿ ಫ್ರೆಂಚ್ ಓಪನ್ ಜೂನಿಯರ್ ಡಬಲ್ಸ್ ಗೆದ್ದವರು. ಟ್ರೋಫಿ ಹಿಡಿಯುವ ಹೊತ್ತಿಗೇ ಪೆನ್ನೆತ್ತಾ ನಿವೃತ್ತಿ ಪ್ರಕಟಿಸಿದ್ದರಿಂದ ಸುದ್ದಿಯೂ ಅತ್ತಲೇ ಹೋಯಿತು. ವಿಂಚಿಗೆ ಇದು ಹೊಸದಲ್ಲ. ಅದೇ ಯುಎಸ್ ಓಪನ್‌ನ ಕ್ವಾರ್ಟರ್‌ಫೈನಲ್‌ಗಳಲ್ಲಿ 2012ರಲ್ಲಿ ಸೋತದ್ದು ತನ್ನ ಜೋಡಿ ಎರ್ರಾನಿಗೆ, 2013ರಲ್ಲಿ ಇದೇ ಪೆನ್ನೆತ್ತಾಗೆ. ಎರ್ರಾನಿಗೆ ಸೋತ ಆ ಟೂರ್ನಿಯಲ್ಲೇ ಎರ್ರಾನಿ ಜೊತೆ ನಿಂತು ಡಬಲ್ಸ್ ಗೆದ್ದರು. ಕಾದಂಬರಿಕಾರರು ಹೀಗೆ ಬರೆದಿದ್ದರೆ ವಿಮರ್ಶಕರು ಒಪ್ಪುತ್ತಿರಲಿಲ್ಲ.

‘ಪವಾಡ’ದ ಮಂದಿ ಮರೆಯುವ ಇನ್ನೊಂದು ಸಂಗತಿಯಿದೆ. 2016ರ ಫೆಬ್ರವರಿಯಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ತಮ್ಮ ಹತ್ತನೆಯ ಸಿಂಗಲ್ಸ್ ಪ್ರಶಸ್ತಿ ಗೆದ್ದ ವಿಂಚಿ, 33 ತುಂಬಿದ ಕೆಲವೇ ದಿನಗಳಲ್ಲಿ ಮೊದಲ ಬಾರಿಗೆ ಮೊದಲ ಹತ್ತರೊಳಗೆ ಬಂದರು. ಮೇ ತಿಂಗಳಲ್ಲಿ ಏಳನೆಯ ಸ್ಥಾನ. ಅಷ್ಟು ವಯಸ್ಸಿನಲ್ಲಿ ಅಲ್ಲಿಗೆ ಮೊದಲ ಸಲ ತಲುಪಿದ ಮಹಿಳೆ ಅದುವರೆಗೆ ಯಾರೂ ಇರಲಿಲ್ಲ. 2018ರ ಮೇನಲ್ಲಿ ರೋಮ್‌ನಲ್ಲಿ ಮೊದಲ ಸುತ್ತಿನಲ್ಲೇ ಸೋತು ಆಟ ನಿಲ್ಲಿಸಿದರು.

ಸೆರೆನಾ ವಿರುದ್ಧದ ಪಂದ್ಯದ ಕೊನೆಯ ಪಾಯಿಂಟನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಸರ್ವ್ ವಿಂಚಿಯದು. ಹಿಂದೆ ನಿಂತು ಕಾಯುವ ಬದಲು ಆಕೆ ಮುಂದೆ ಬರುತ್ತಾರೆ. ಕಾಲ ಬಳಿ ಬಿದ್ದ ಚೆಂಡನ್ನು ಪುಟಿಯುತ್ತಿರುವಾಗಲೇ ಎತ್ತಿ ಖಾಲಿಯಿದ್ದ ಜಾಗಕ್ಕೆ ಮೆಲ್ಲಗೆ ಇಳಿಸುತ್ತಾರೆ. ಹಾಫ್ ವಾಲಿ. ಡಬಲ್ಸ್ ಆಡುವವರು ದಿನಕ್ಕೆ ಹತ್ತು ಸಲ ಹೊಡೆಯುವ ಹೊಡೆತ ಅದು.